ತುತ್ತು ನುಂಗುವಾಗ ಕಣ್ಣಿಗೆ ಕತ್ತಲೆ ಬಂದರೆ

ಮಾನ್ಯ ಸಂಪಾದಕರೇ,

ಊಟಕ್ಕೆ ಕೂತವರು ತುತ್ತು ನುಂಗುತ್ತಲೇ ಕಣ್ಣಿಗೆ ಕತ್ತಲೆ ಬಂದು ಒರಗಿದರೆ, ಗ್ಯಾಸ್ಟ್ರಿಕ್, ಲೋ ಬಿಪಿ, ಫಿಟ್ಸ್ ಎಂದು ಬಾಯಿಗೊಂದು ಹೆಸರು ಬರುತ್ತದೆ. ಆಸ್ಪತ್ರೆಯ ಚೀಟಿಯಲ್ಲೂ ‘ತಲೆಸುತ್ತಿ ಬಿದ್ದರು’ ಎಂದಷ್ಟೇ ಇರುತ್ತದೆ. ಬಿದ್ದ ಗಳಿಗೆಯಲ್ಲಿ ಏನು ಮಾಡುತ್ತಿದ್ದರು ಎಂದು ಬರೆಯುವವರು ಕಡಿಮೆ.

ತುತ್ತು ಇಳಿದು ಅನ್ನನಾಳ ಹಿಗ್ಗಿದ ಸುದ್ದಿ ವೇಗಸ್ ನರದ ಮೂಲಕ ಮೆದುಳಿಗೆ ಹೋಗುತ್ತದೆ. ಕೆಲವರಲ್ಲಿ ಇದೇ ನರ ಅತಿಯಾಗಿ ಕೆರಳಿ ಹೃದಯವನ್ನು ತಡೆಯುತ್ತದೆ. ಬಡಿತ ತೀರಾ ನಿಧಾನವಾಗಬಹುದು, ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿಳಿಯದೆ ಹಾರ್ಟ್ ಬ್ಲಾಕ್ ಆಗಬಹುದು, ಕೆಲವು ಸೆಕೆಂಡು ಬಡಿತವೇ ನಿಲ್ಲಬಹುದು. ಮೆದುಳಿಗೆ ರಕ್ತ ಏಳೆಂಟು ಸೆಕೆಂಡು ಹೋಗದಿದ್ದರೆ ಎಚ್ಚರ ತಪ್ಪುತ್ತದೆ. ಆಗ ಕೈಕಾಲು ಅದುರುವುದೂ ಉಂಟು. ಅದನ್ನು ಕಂಡೇ ಫಿಟ್ಸ್ ಮಾತ್ರೆ ಶುರುವಾಗುವುದು.

ದೊಡ್ಡ ತುತ್ತು, ಗಟ್ಟಿ ಆಹಾರ, ಫ್ರಿಜ್ಜಿನಿಂದ ತೆಗೆದ ಸೋಡಾ ಇದನ್ನು ಕೆರಳಿಸುತ್ತವೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬ ನಮ್ಮ ಪದ್ಧತಿ ಇಂಥವರಿಗಲ್ಲ. ಅನ್ನನಾಳ ಕಿರಿದಾಗಿದ್ದರೆ, ಜಠರದ ಮೇಲ್ಭಾಗ ಎದೆಗೂಡಿಗೆ ಜಾರುವ ಹಯಾಟಸ್ ಹರ್ನಿಯಾ ಇದ್ದರೆ ಅದನ್ನೂ ನೋಡಿಸಬೇಕು. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್‌ನಂಥ ಹೃದಯದ ಮಾತ್ರೆಗಳು ಬಡಿತವನ್ನು ಇನ್ನಷ್ಟು ಇಳಿಸುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸುವುದು ಅಪಾಯ, ವೈದ್ಯರೇ ಬದಲಿಸಲಿ.

ಮಲಗಿಸಿ ತೆಗೆದ ಇಸಿಜಿ ಬಹಳ ಸಲ ನಾರ್ಮಲ್ ಎಂದೇ ಬರುತ್ತದೆ. ಬರದೆ ಏನು, ಆಗ ರೋಗಿ ಏನೂ ನುಂಗುತ್ತಿರುವುದಿಲ್ಲವಲ್ಲ! ಮಾನಿಟರ್ ಹಾಕಿ, ಕೈಗೆ ಡ್ರಿಪ್ ಸೂಜಿ ಚುಚ್ಚಿ, ಬಡಿತ ಏರಿಸುವ ಅಟ್ರೋಪಿನ್ ಮದ್ದು ಸಿದ್ಧವಿಟ್ಟು, ಒರಗಿಸಿ ಕೂರಿಸಿ ಅದೇ ಆಹಾರವನ್ನು ನುಂಗಿಸಿ ನೋಡಬೇಕು. ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರವನ್ನು ಮೈಗೆ ಕಟ್ಟಿದರೆ ಊಟ, ತಿಂಡಿ, ಕಾಫಿಯ ಸಮಯವನ್ನು ನಿಮಿಷ ಸಮೇತ ಬರೆದಿಡಿ. ಇಲ್ಲದಿದ್ದರೆ ಬಡಿತ ನಿಂತದ್ದು ಕಂಡರೂ ಯಾಕೆ ನಿಂತಿತೆಂದು ತಿಳಿಯುವುದಿಲ್ಲ.

ಊಟವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ವಯಸ್ಸಾದವರು ಕುಸಿದರೆ ಅದು ಬಿಪಿ ಇಳಿದದ್ದಿರಬಹುದು, ಕಥೆಯೇ ಬೇರೆ. ಮಾತಾಡಲಾಗದೆ, ಕೆಮ್ಮಲಾಗದೆ ಗಂಟಲು ಹಿಡಿದುಕೊಂಡರೆ ಆಹಾರ ಉಸಿರುನಾಳಕ್ಕೆ ಸಿಕ್ಕಿದೆ. ಕೂಡಲೇ ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈಬುಡದಿಂದ ಜೋರಾಗಿ ಐದು ಸಲ ಗುದ್ದಿ.

ಚಿಕ್ಕ ತುತ್ತು, ನಿಧಾನವಾಗಿ ಅಗಿಯುವುದು, ತಣ್ಣನೆಯ ಸೋಡಾ ಬಿಡುವುದು, ಇಷ್ಟಕ್ಕೇ ಕೆಲವರು ಸರಿಹೋಗುತ್ತಾರೆ. ಮಾತ್ರೆ ಬದಲಿಸಿ, ಅನ್ನನಾಳಕ್ಕೆ ಚಿಕಿತ್ಸೆ ಕೊಟ್ಟ ಮೇಲೂ ಬೀಳುತ್ತಿದ್ದರೆ, ಬಡಿತ ನಿಲ್ಲುವುದು ದಾಖಲಾಗಿದ್ದರೆ ಪೇಸ್‌ಮೇಕರ್ ಬೇಕಾಗುತ್ತದೆ.

ಬಿದ್ದವರ ಬಾಯಿಗೆ ನೀರು ಹುಯ್ಯಬೇಡಿ, ಕೈಗೆ ಬೀಗದ ಕೈ ಕೊಡುವುದೂ ಬೇಡ. ಬಾಯಲ್ಲಿ ಕಾಣುವ ಅನ್ನ ತೆಗೆದು ಪಕ್ಕಕ್ಕೆ ಮಗ್ಗುಲಾಗಿಸಿ. ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಉಸಿರೇ ಇಲ್ಲದಿದ್ದರೆ ಕಾಯದೆ ಎದೆ ಒತ್ತಲು ಶುರುಮಾಡಿ.

– ಹೃದ್ರೋಗ ವಿಭಾಗದ ಸಿಬ್ಬಂದಿ, ಮೈಸೂರು