ಟ್ರೌಟ್‌ಗೆ ತಾಳ್ಮೆಯಷ್ಟೇ ಸಾಲದು

ಮಾನ್ಯರೇ,

ಕ್ಯಾಲಿಫೋರ್ನಿಯದ ಕನ್ನಡಿಗರು ವಾರಾಂತ್ಯದಲ್ಲಿ ಕೆರೆ ದಡದಲ್ಲಿ ಕೂತು ಟ್ರೌಟ್ (ತಣ್ಣೀರಿನ ಮೀನು) ಹಿಡಿಯುವ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿಸಿಕೊಂಡು ಹೋಯಿತು. ಆದರೆ ಅಂಗಡಿಯಲ್ಲಿ ಸಿಗುವ ಯಾವ ಗಾಳದ ಸೆಟ್ ಆದರೂ ನಡೆಯುತ್ತದೆ, ತಾಳ್ಮೆಯೊಂದಿದ್ದರೆ ಸಾಕು ಎಂಬ ಮಾತು ಸರಿಯಲ್ಲ. ಊರಿನಲ್ಲಿ ಕಾಟ್ಲಾ, ರೋಹುಗೆ ಗಾಳ ಹಾಕಿ ಪಳಗಿದವರು ದಪ್ಪ ದಾರವನ್ನೇ ನಂಬುತ್ತಾರೆ. ಇಲ್ಲಿನ ಡೆಲ್ ವ್ಯಾಲೆ, ಶಾಬೊದಂಥ ಕೆರೆಗಳಲ್ಲಿ ಕೆಲಸ ಕೆಡುವುದೇ ಅಲ್ಲಿ. ನೀರು ತಿಳಿಯಾದ ದಿನ ದಪ್ಪ ದಾರ ಕಂಡ ಟ್ರೌಟ್ ಹತ್ತಿರ ಬಂದು ಹಾಗೇ ತಿರುಗಿ ಹೋಗುತ್ತದೆ.

ರಾಡ್ (ಗಾಳದ ಕೋಲು) ಆರೂವರೆಯಿಂದ ಏಳು ಅಡಿ, ‘ಅಲ್ಟ್ರಾಲೈಟ್’ ಅಥವಾ ‘ಲೈಟ್’ ಎಂದು ಬರೆದಿರುವುದು. ದಾರ ಸುತ್ತುವ ರೀಲ್ 1000 ಅಥವಾ 2000 ಅಳತೆಯ ಸಣ್ಣದು. ಅದಕ್ಕೆ 4 ಪೌಂಡಿನ (ಅಷ್ಟು ಭಾರ ತಾಳುವ) ನೈಲಾನ್ ದಾರ. ಸುರುಳಿಯ ಅಂಚಿಗೆ ಸುಮಾರು 3 ಮಿ.ಮೀ. ಬಿಟ್ಟು ಸುತ್ತಬೇಕು. ಅಂಚಿನವರೆಗೂ ತುಂಬಿದರೆ ಬೀಸಿದಾಗ ಕುಣಿಕೆ ಕುಣಿಕೆಯಾಗಿ ಜಾರುತ್ತದೆ, ತೀರಾ ಕಡಿಮೆಯಾದರೆ ದೂರ ಹೋಗುವುದಿಲ್ಲ.

ಮುಖ್ಯವಾದದ್ದು ಇನ್ನು ಮುಂದಿದೆ. ದಾರಕ್ಕೆ ಮೊದಲು ನಡುವೆ ತೂತಿರುವ 7 ಗ್ರಾಂ ಸೀಸದ ಗುಂಡು ಪೋಣಿಸಿ, ಅದರ ಹಿಂದೆ ಒಂದು ಪ್ಲಾಸ್ಟಿಕ್ ಮಣಿ, ಆಮೇಲೆ 10 ಅಥವಾ 12ನೇ ನಂಬರಿನ ಸ್ವಿವೆಲ್ (ಎರಡು ತುದಿಯೂ ತಿರುಗುವ ಲೋಹದ ಕೊಂಡಿ) ಕಟ್ಟಿ. ಸ್ವಿವೆಲ್‌ನ ಆಚೆ ತುದಿಗೆ 2ರಿಂದ 4 ಪೌಂಡಿನ ಫ್ಲೋರೊಕಾರ್ಬನ್ ಲೀಡರ್ (ನೀರಿನಲ್ಲಿ ಅಷ್ಟಾಗಿ ಕಾಣದ ತುಂಡು ದಾರ), ಅದರ ತುದಿಗೆ 16 ಅಥವಾ 18ನೇ ನಂಬರಿನ ಮೂರು ಮೊನೆಯ ಗಾಳ. ಗುಂಡು ದಾರದ ಮೇಲೆ ಸಲೀಸಾಗಿ ಓಡಾಡಬೇಕು. ಆಗ ಮೀನು ಕಚ್ಚಿ ಹೊರಟಾಗ ದಾರವಷ್ಟೇ ಜಾರುತ್ತದೆ, ಭಾರ ಅದರ ಬಾಯಿಗೆ ತಾಕುವುದಿಲ್ಲ. ಗುಂಡನ್ನು ದಾರಕ್ಕೆ ಕಚ್ಚಿಸಿಬಿಟ್ಟರೆ ಈ ಏರ್ಪಾಟಿಗೆ ಅರ್ಥವೇ ಇಲ್ಲ. ಮಣಿ ಬೇಡವೆಂದು ಬಿಡುವವರಿದ್ದಾರೆ. ಪ್ರತಿ ಬೀಸಿಗೂ ಗುಂಡು ಬಡಿದು ಬಡಿದು ಗಂಟು ಸವೆಯುವುದು ಅವರಿಗೆ ದೊಡ್ಡ ಮೀನು ಕಳೆದುಕೊಂಡ ಮೇಲೆ ಗೊತ್ತಾಗುತ್ತದೆ.

ಲೀಡರ್ ಎಷ್ಟು ಉದ್ದ ಎಂಬುದನ್ನು ಕೆರೆಯ ತಳದ ಪಾಚಿ ತೀರ್ಮಾನಿಸುತ್ತದೆ. ಎರೆಯಾಗಿ ತೇಲುವ ಹಿಟ್ಟು ಹಾಕಿದಾಗ ಗುಂಡು ತಳದಲ್ಲಿ ಕೂತು, ಗಾಳ ಹೆಚ್ಚುಕಡಿಮೆ ಲೀಡರಿನ ಉದ್ದದಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಪಾಚಿ ಅರ್ಧ ಮೀಟರ್ ಬೆಳೆದಿರುವಲ್ಲಿ 45 ಸೆಂ.ಮೀ. ಲೀಡರ್ ಹಾಕಿ ಇಡೀ ದಿನ ಕಾದರೂ ಮೀನಿಗೆ ಎರೆಯೇ ಕಾಣದು. 60 ಸೆಂ.ಮೀ.ನಿಂದ ಶುರು ಮಾಡಿ, ಗಾಳ ಪಾಚಿ ಹೊತ್ತು ಬಂದರೆ 90ಕ್ಕೆ ಏರಿಸಿ. ಈ ಕೆರೆಗಳಿಗೆ ಬಿಡುವ ರೇನ್‌ಬೋ ಟ್ರೌಟ್ ಸಾಕಣೆ ಕೇಂದ್ರದಲ್ಲಿ ಗುಳಿಗೆ ತಿಂದು ಬೆಳೆದವು. ಪವರ್‌ಬೇಟ್‌ನಂಥ ವಾಸನೆಯ ಹಿಟ್ಟಿಗೆ ಅವು ಬೇಗ ಒಲಿಯುವುದು ಅದಕ್ಕೇ. ಕಡಲೆಕಾಳಿನಷ್ಟು ಹಿಟ್ಟು, ಮೂರೂ ಮೊನೆ ಮುಚ್ಚುವಂತೆ. ಬೀಸುವ ಮೊದಲು ಕಾಲಬುಡದ ನೀರಿನಲ್ಲೇ ಬಿಟ್ಟು ನೋಡಿ: ಗಾಳವನ್ನು ಎತ್ತಿಕೊಂಡು ತೇಲಬೇಕು. ಮುಳುಗಿದರೆ ಹಿಟ್ಟು ಸಾಲದು ಅಥವಾ ಗಾಳ ದಪ್ಪವಾಯಿತು. ಎರೆಹುಳು ತಾನಾಗಿ ತೇಲುವುದಿಲ್ಲ, ಅದರ ಜೊತೆಗೆ ಪುಟ್ಟ ಮಾರ್ಷ್‌ಮ್ಯಾಲೊ (ಹಗುರ ಸ್ಪಂಜಿನಂಥ ಸಿಹಿ) ಚುಚ್ಚಬೇಕಾಗುತ್ತದೆ.

ಗಂಟಿಗೆ ಸುಧಾರಿತ ಕ್ಲಿಂಚ್ (ದಾರವನ್ನು ಅದರ ಮೇಲೇ ಸುತ್ತಿ ಹಾಕುವ ಗಂಟು) ಸಾಕು. ಐದಾರು ಸುತ್ತು ಹಾಕಿ, ಎಂಜಲು ಹಚ್ಚಿ, ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಜಗ್ಗಿದರೆ ಉಜ್ಜಿದ ಬಿಸಿಗೇ ಅದು ದುರ್ಬಲವಾಗುತ್ತದೆ. ಮೀನು ತಪ್ಪಿಸಿಕೊಂಡಾಗ ದಾರದ ತುದಿ ನೋಡುವ ಅಭ್ಯಾಸ ಒಳ್ಳೆಯದು. ಹಂದಿಯ ಬಾಲದಂತೆ ಸುರುಟಿದ್ದರೆ ದಾರ ಹರಿದದ್ದಲ್ಲ, ಗಂಟು ಜಾರಿದ್ದು. ಬೈಗುಳ ದಾರದ ಕಂಪನಿಗೆ ಹೋಗಬಾರದು.

ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕು) ಎಷ್ಟು ಬಿಗಿಯಿರಬೇಕು? ದಾರ ತಾಳುವ ಭಾರದ ಕಾಲು ಭಾಗದಷ್ಟು. ಅರ್ಧ ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ರಾಡ್‌ನಿಂದ ಎತ್ತಿ ನೋಡಿ, ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲ್ ದಾರ ಬಿಡತೊಡಗಬೇಕು. ಬೀಸಿ ಕೂತ ಮೇಲೆ ಬೇಲ್ (ರೀಲಿನಲ್ಲಿ ದಾರ ತಡೆಯುವ ತಂತಿ) ತೆರೆದಿಡಿ, ಇಲ್ಲವೇ ಡ್ರ್ಯಾಗ್ ಪೂರ್ತಿ ಸಡಿಲಿಸಿ. ಬಿಗಿಯಾಗಿಟ್ಟು ಕಾಫಿ ಕುಡಿಯಲು ಹೋದವರ ರಾಡ್‌ಗಳು ಕೆರೆಯ ತಳ ಸೇರಿವೆ. ಮೀನು ಕಚ್ಚಿದಾಗ ಜಗ್ಗಬೇಡಿ, ಟ್ರೌಟ್ ಬಾಯಿ ಮೃದು. ಬೇಲ್ ಮುಚ್ಚಿ ಅಥವಾ ಡ್ರ್ಯಾಗ್ ಮೊದಲಿನಷ್ಟು ಬಿಗಿದು, ಸಡಿಲ ದಾರ ಸುತ್ತಿಕೊಂಡು ರಾಡ್ ಎತ್ತಿದರೆ ಸಾಕು. ಅದು ದಾರ ಎಳೆದುಕೊಂಡು ಓಡುವಾಗಲಂತೂ ರೀಲಿನ ಹಿಡಿ ತಿರುಗಿಸಲೇಬಾರದು. ದಾರ ಒಳಗೆ ಬರದೆ ತಿರುಚಿಕೊಳ್ಳುತ್ತದೆ, ಮುಂದಿನ ಬೀಸಿಗೆ ಸಿಕ್ಕು ಸಿದ್ಧ.

ಲೇಖನದ ಚಿತ್ರದಲ್ಲಿ ಮೂರು ಮೊನೆಯ ಗಾಳದಿಂದ ಮೀನು ಬಿಡಿಸಿ ಮತ್ತೆ ನೀರಿಗೆ ಬಿಡುತ್ತಿದ್ದರು. ಹಿಟ್ಟಿನ ಗಾಳವನ್ನು ಟ್ರೌಟ್ ಸಾಮಾನ್ಯವಾಗಿ ನುಂಗಿಬಿಡುತ್ತದೆ, ಬಿಟ್ಟದ್ದು ಬದುಕುವುದು ಕಷ್ಟ. ಬಿಡುವ ಇರಾದೆ ಇದ್ದವರು ಮುಳ್ಳು ಅಮುಕಿದ ಒಂಟಿ ಗಾಳದ, ಚಮಚದಾಕಾರದ ಲೋಹದ ಹುಸಿ ಎರೆಯನ್ನೋ ತಿರುಗುವ ರೆಕ್ಕೆಯ ಸ್ಪಿನ್ನರನ್ನೋ ಬಳಸಲಿ, ಒದ್ದೆ ಕೈಯಲ್ಲೇ ಮೀನು ಮುಟ್ಟಲಿ. ನುಂಗಿದ ಗಾಳವನ್ನು ಕೀಳಬೇಡಿ, ದಾರ ಕತ್ತರಿಸಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಹಿಡಿದು ಬಿಡುವ ಆಟವೇ ಬೇಡ.

ಲೈಸೆನ್ಸಿನ ಮಾತೇ ಲೇಖನದಲ್ಲಿ ಬಂದಿಲ್ಲ. 16 ವರ್ಷ ತುಂಬಿದವರಿಗೆಲ್ಲ ರಾಜ್ಯದ ಲೈಸೆನ್ಸ್ ಕಡ್ಡಾಯ, ನಾನು ಹೆಸರಿಸಿದ ಎರಡು ಕೆರೆಗಳಲ್ಲಿ ಉದ್ಯಾನದ ದಿನದ ಪರವಾನಗಿ ಬೇರೆ. ಊರಿನಿಂದ ಬಂದ ಅಪ್ಪ ಅಮ್ಮನ ಕೈಗೆ ಫೋಟೊ ತೆಗೆಯಲೆಂದು ರಾಡ್ ಕೊಟ್ಟು ಗಾಳ ನೀರಿಗೆ ಬಿಡಿಸಿದರೆ, ಅವರಿಗೂ ಅದು ಬೇಕು.

– ಓದುಗ, ಲಿವರ್‌ಮೋರ್, ಕ್ಯಾಲಿಫೋರ್ನಿಯ