ಮುತ್ತಿನ ಸರವನ್ನು ಮೆಷಿನ್‌ಗೆ ಹಾಕಬೇಡಿ

ಸಂಪಾದಕರೇ,

ಡೊಂಬಿವಲಿಯಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯೊಂದರಲ್ಲಿ ಅಮ್ಮನ ಮುತ್ತಿನ ಸರವನ್ನು ಚಿನ್ನದ ಬಳೆಗಳ ಜೊತೆಗೇ ಶಬ್ದದ ಕಂಪನದಿಂದ ಒಡವೆಯ ಕೊಳೆ ತೆಗೆಯುವ ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕಿಬಿಟ್ಟರು. ವಾಪಸ್ ಬಂದಾಗ ಹೊಳಪೇ ಇರಲಿಲ್ಲ, ಎರಡು ಮುತ್ತುಗಳ ತೂತಿನ ಸುತ್ತ ಪದರ ಎದ್ದಿತ್ತು. ತುಂಬಾ ಸಂಕಟವಾಯಿತು. ಮುತ್ತು ಕಲ್ಲಲ್ಲ, ಸಿಂಪಿಯೊಳಗೆ ಬೆಳೆದ ಕ್ಯಾಲ್ಸಿಯಂ ಕಾರ್ಬೊನೇಟ್‌ನ ತೆಳು ಪದರಗಳು. ಬೆವರು, ಸೆಂಟು ತಾಗಿ ತಾಗಿ ಮಂಕಾಗುತ್ತದೆ. ಮುಂಬಯಿ ಸೆಕೆಯಲ್ಲಿ ಮದುವೆ ಮುಗಿಸಿ, ಲೋಕಲ್ ಟ್ರೇನಿನಲ್ಲಿ ಬೆವೆತು ಬಂದು ಸರವನ್ನು ಹಾಗೇ ಡಬ್ಬಿಗೆ ಹಾಕುತ್ತೇವೆ ಅಲ್ವಾ, ಅದೇ ತಪ್ಪು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಮುತ್ತು ಒರೆಸಿ, ಟವೆಲ್ ಮೇಲೆ ಮಲಗಿಸಿ ಒಣಗಿಸಿ. ತೂಗುಹಾಕಿದರೆ ಒದ್ದೆ ರೇಷ್ಮೆ ದಾರ ಹಿಗ್ಗುತ್ತದೆ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಅಂಗಡಿಯವರೂ ಮೆಷಿನ್‌ಗೆ ಹಾಕುವ ಮೊದಲು ನಮ್ಮನ್ನು ಒಂದು ಮಾತು ಕೇಳಲಿ.

– ನಿಮ್ಮ ಓದುಗರೊಬ್ಬರು, ಡೊಂಬಿವಲಿ