ಅರ್ಧಕ್ಕೆ ನಿಲ್ಲಿಸುವ ಹಾಗಿದ್ದರೆ ಹಾಕಿದ್ದಾದರೂ ಯಾಕೆ?

ಮಾನ್ಯರೇ,

ಶನಿವಾರ ನಮ್ಮೂರ ಲೈಬ್ರರಿಯಲ್ಲಿ ಹಿರಿಯರಿಗೆ ಅಂತ ನಡೆದ ಹಳೆಯ ಟಿವಿ ಧಾರಾವಾಹಿ ಪ್ರದರ್ಶನದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಬಾಡಿಗೆ ಹಂತಕನ ರೋಚಕ ಕಥೆ, ಹಿರಿಯರು ಖುಷ್’ ಅಂತ ತಲೆಬರಹ ಬೇರೆ. ಯಾರು ಖುಷಿಪಟ್ಟರು ಸ್ವಾಮಿ? ಕಂತು ಅರ್ಧಕ್ಕೆ ನಿಂತಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಲೈಟ್ ಹಾಕಿದರು, ಹಾಲ್‌ನಲ್ಲಿ ಇನ್ನೊಂದು ಮೀಟಿಂಗ್ ಇದೆ, ಎದ್ದೇಳಿ ಅಂದರು. ವರದಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇರುವುದಾದರೂ ಹೇಗೆ? ನಿಮ್ಮ ವರದಿಗಾರರು ಫೋಟೋ ತೆಗೆದುಕೊಂಡು ಆಗಲೇ ಹೊರಟುಹೋಗಿದ್ದರು.

ಹಾಕಿದ್ದು ‘ಹ್ಯಾವ್ ಗನ್ – ವಿಲ್ ಟ್ರಾವೆಲ್’ ಅನ್ನುವ ಅಮೆರಿಕದ ಕೌಬಾಯ್ ಧಾರಾವಾಹಿಯ ಮೊದಲ ಕಂತು, ‘ತ್ರೀ ಬೆಲ್ಸ್ ಟು ಪೆರ್ಡಿಡೊ’. 1957ರ ಸೆಪ್ಟೆಂಬರ್ 14ರಂದು ಸಿಬಿಎಸ್ ಚಾನೆಲ್‌ನಲ್ಲಿ ಬಂದದ್ದು. ಆ ಕಾಲದ ಅರ್ಧ ಗಂಟೆಯ ಕಂತು ಅಂದರೆ ಜಾಹೀರಾತು ಬಿಟ್ಟು ಸುಮಾರು 25 ನಿಮಿಷ. ಅಷ್ಟು ಹೊತ್ತು ಒಂದು ಹಾಲ್ ಬಿಟ್ಟುಕೊಡಲು ಆಗುವುದಿಲ್ಲವಾ? ಶುರು ಮಾಡಿದ್ದೇ ತಡವಾಗಿ. ಮೊದಲು ಸೌಂಡ್ ಬರಲಿಲ್ಲ. ಆಮೇಲೆ ಚಿತ್ರ ಅಗಲಕ್ಕೆ ಎಳೆದುಕೊಂಡು ಎಲ್ಲರ ಮುಖವೂ ಚಪ್ಪಟೆಯಾಗಿ ಕಂಡಿತು. ಪರದೆಯ ಕೆಳಗೆ ಅಕ್ಷರ ಹಾಕಿ ಅಂತ ಕೈ ಎತ್ತಿ ಕೇಳಿದೆ. ಬರುತ್ತೆ ಬರುತ್ತೆ ಅಂದರು. ಬರಲೇ ಇಲ್ಲ. ಬಂದಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮಂಥವರು, ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಬಂದು ಇಲ್ಲೇ ಉಳಿದ ತಂದೆ ತಾಯಂದಿರು. ಬಾಡಿಗೆಗೆ ಬಂದೂಕು ಹಿಡಿಯುವ ಕಥಾನಾಯಕ ಪಾಲಡಿನ್ ಆಗಿ ನಟಿಸಿದ ರಿಚರ್ಡ್ ಬೂನ್ ಗಂಟಲಿನ ಗಡಸು ಇಂಗ್ಲಿಷು ಅಕ್ಷರದ ಸಹಾಯವಿಲ್ಲದೆ ಎಷ್ಟು ಜನಕ್ಕೆ ತಿಳಿಯಬೇಕು?

ಇನ್ನು ಇವರು ಹಾಕಿದ್ದು ಯಾವುದೋ ಮರುಪ್ರಸಾರದಿಂದ ಹಿಡಿದುಕೊಂಡ ಪ್ರತಿ ಇರಬೇಕು. ಈಗಿನ ಚಾನೆಲ್‌ಗಳು ಜಾಹೀರಾತು ಜಾಸ್ತಿ ತುಂಬಿಸಲು ಹಳೆಯ ಕಂತುಗಳನ್ನು ಕತ್ತರಿಸುತ್ತವೆ. ಹಾಗೆ ಕತ್ತರಿಸಿದ ಪ್ರತಿಯಲ್ಲಿ ಶುರುವಿನ ದೃಶ್ಯವೇ ಹಾರಿಹೋಗಿದೆ. ಕತ್ತಲೆಯಲ್ಲಿ ಒಂದು ಸೊಂಟ, ಬಂದೂಕು ಇಡುವ ಕಪ್ಪು ಹೋಲ್‌ಸ್ಟರ್, ಅದರ ಮೇಲೆ ಚದುರಂಗದ ಬೆಳ್ಳಿ ಕುದುರೆ. ಕೈ ನಿಧಾನವಾಗಿ ಬಂದೂಕು ಎಳೆದು ನೇರ ನಮ್ಮ ಕಡೆಗೇ ತಿರುಗಿಸುತ್ತದೆ. ಈ ಟ್ರಿಗರ್‌ಗೆ ಒಂದು ಔನ್ಸ್ ಒತ್ತಡ ಸಾಕು, ಬಳಸುವ ಉದ್ದೇಶ ಇಲ್ಲದೆ ಇದನ್ನು ಹೊರಗೆ ತೆಗೆಯುವುದು ಅಪರೂಪ ಅನ್ನುವ ಅರ್ಥದ ಮಾತು. ಒಂದು ಔನ್ಸ್ ಅಂದರೆ 28 ಗ್ರಾಂ! ಪಾಲಡಿನ್ ಎಂಥವನು ಅಂತ ಅಷ್ಟರಲ್ಲೇ ತಿಳಿದುಬಿಡುತ್ತದೆ. ಅದನ್ನು ಕಿತ್ತು ಹಾಕಿದ ಮೇಲೆ ಉಳಿದದ್ದೇನು?

ಕಥೆ ನೋಡಿ. ಒಬ್ಬ ಸಾಹುಕಾರ. ಅವನ ಮಗಳು ಬಂದೂಕು ಹಿಡಿದವನೊಬ್ಬನ ಜೊತೆ ಓಡಿಹೋಗಿದ್ದಾಳೆ. ಅವಳನ್ನು ವಾಪಸ್ ಕರೆತರಲು ಪಾಲಡಿನ್‌ಗೆ ದುಡ್ಡು ಕೊಡುತ್ತಾನೆ. ಪಾಲಡಿನ್ ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಲ್ಟನ್ ಹೋಟೆಲ್‌ನಲ್ಲಿ. ಊರೂರಿನ ಪೇಪರ್ ತರಿಸಿ ಓದುತ್ತಾನೆ. ಯಾರಿಗೋ ತೊಂದರೆ ಅಂತ ಕಂಡರೆ ತನ್ನ ಕಾರ್ಡ್ ಕಳಿಸುತ್ತಾನೆ. ಒಳ್ಳೆಯ ಬಟ್ಟೆ, ಒಳ್ಳೆಯ ಊಟ, ಬಾಯಲ್ಲಿ ಷೇಕ್ಸ್‌ಪಿಯರ್. ಕೆಲಸಕ್ಕೆ ಹೊರಟರೆ ಮಾತ್ರ ಮೈತುಂಬ ಕಪ್ಪು. ಆದರೆ ಈ ಧಾರಾವಾಹಿಯ ಜೀವ ಇರುವುದು ಬೇರೆ ಕಡೆ. ಕೂಲಿ ಕೊಟ್ಟವನೇ ತಪ್ಪು ಅಂತ ಗೊತ್ತಾದರೆ ಪಾಲಡಿನ್ ಅವನ ವಿರುದ್ಧವೇ ನಿಲ್ಲುತ್ತಾನೆ. ಎಷ್ಟೋ ಕಂತುಗಳಲ್ಲಿ ಹಾಗೆ ಮಾಡಿದ್ದಾನೆ. ಬಂದೂಕನ್ನು ಬಾಡಿಗೆಗೆ ಕೊಟ್ಟವನು ಬುದ್ಧಿಯನ್ನೂ ಬಾಡಿಗೆಗೆ ಕೊಟ್ಟನಾ ಅನ್ನುವ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಏಳುತ್ತದೆ. ಉತ್ತರ ಸಿಗುವುದು ಕೊನೆಯ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷವನ್ನೇ ಇವರು ತೋರಿಸಲಿಲ್ಲ!

ಹೊರಗೆ ಬರುವಾಗ ನನ್ನ ಜೊತೆಗಿದ್ದ ಹಿರಿಯರೊಬ್ಬರು, ‘ದುಡ್ಡು ಕೊಟ್ಟರೆ ಯಾರನ್ನು ಬೇಕಾದರೂ ಹೊಡೀತಾನಲ್ಲ ಇವನು, ಇದನ್ನೇನು ನೋಡೋದು’ ಅಂದರು. ಹೊಟ್ಟೆ ಉರಿಯಿತು. ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದವನು ನಾನು. ಈಗ ನಿಮ್ಮ ಪತ್ರಿಕೆಯೂ ‘ಹಂತಕ’ ಅಂತಲೇ ಬರೆದಿದೆ. 225 ಕಂತುಗಳ ಧಾರಾವಾಹಿ ಅದು. 1963ರವರೆಗೆ ಆರು ಸೀಸನ್ ನಡೆದಿದೆ. ಶನಿವಾರ ರಾತ್ರಿ 9.30ಕ್ಕೆ ಅದು, ಅದರ ಬೆನ್ನಿಗೇ ಇನ್ನೊಂದು ಕೌಬಾಯ್ ಧಾರಾವಾಹಿ ‘ಗನ್‌ಸ್ಮೋಕ್’. ಈ ದೇಶದ ಜನ ಎರಡನ್ನೂ ಕೂತು ನೋಡುತ್ತಿದ್ದರು. ‘ಸ್ಟಾರ್ ಟ್ರೆಕ್’ ಮಾಡಿದ ಜೀನ್ ರಾಡನ್‌ಬೆರಿ ಇದಕ್ಕೆ 24 ಕಂತು ಬರೆದಿದ್ದಾರೆ. ಸುಮ್ನೆ ಗುಂಡು ಹಾರಿಸುವ ಕಥೆಗೆ ಇಷ್ಟೆಲ್ಲಾ ಆಗುತ್ತಿತ್ತಾ?

ಪ್ರದರ್ಶನದ ನಂತರ ಚರ್ಚೆ ಇದೆ ಅಂತ ಪೋಸ್ಟರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಅದೂ ಇಲ್ಲ. ಕೇಳಬೇಕು ಅಂತ ನಾನು ಬರೆದುಕೊಂಡೇ ಹೋಗಿದ್ದೆ. ಪಾಲಡಿನ್ ಇರುವ ಹೋಟೆಲ್‌ನಲ್ಲಿ ಕೆಲಸ ಮಾಡುವ ಚೀನೀ ಆಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರೂ ‘ಹೇ ಬಾಯ್’ ಅಂತ ಕೂಗುತ್ತಾರೆ. ಕ್ಯಾಮ್ ಟಾಂಗ್ ಅನ್ನುವ ನಟ ಆ ಪಾತ್ರ ಮಾಡಿದ್ದಾರೆ. ಅವನನ್ನೇ ನಡುವೆ ಇಟ್ಟು, ರೈಲು ಹಳಿ ಹಾಕಿದ ಚೀನೀ ಕೂಲಿಗಳ ಕಷ್ಟ ಹೇಳುವ ಕಂತು ಕೂಡ 1958ರಲ್ಲಿ ಬಂದಿದೆ. ಹೊಟ್ಟೆಪಾಡಿಗೆ ಈ ದೇಶಕ್ಕೆ ಬಂದ ಮಕ್ಕಳ ತಂದೆ ತಾಯಿ ನಾವು. ಇದರ ಬಗ್ಗೆ ನಮಗೆ ಹೇಳಲು ಏನೂ ಇರಲ್ಲ ಅಂದುಕೊಂಡರಾ?

ನಮ್ಮ ಪಾಡು ಕೇಳಿ. ಮಗಳಿಗೆ ಶನಿವಾರ ಮೊಮ್ಮಗನ ಈಜು ಕ್ಲಾಸು, ಅದಕ್ಕೇ ಬಸ್ಸಿನಲ್ಲಿ ಹೋದೆ. ಸ್ಟಾಪ್‌ನಲ್ಲಿ ಇದ್ದ ಬೆಂಚನ್ನು ಸಿಟಿಯವರು ರಿಪೇರಿ ಅಂತ ಕಿತ್ತುಕೊಂಡು ಹೋದವರು ಇವತ್ತಿಗೂ ತಂದು ಹಾಕಿಲ್ಲ. ಮಂಡಿ ನೋವಿನಲ್ಲಿ ನಿಂತೇ ಕಾಯಬೇಕು. ಒಳಗೆ ಎಸಿ ಹೇಗಿತ್ತು ಅಂದರೆ ಎಲ್ಲರೂ ಶಾಲು ಹೊದ್ದು ಕೂತಿದ್ದರು. ವಾಪಸ್ ಬರುವ ಬಸ್ಸಿಗೆ ಮತ್ತೆ ಕಾಯುವುದು. ಬೆಂಚಿನ ಬಗ್ಗೆ ಸಿಟಿ ಆಫೀಸಿಗೆ ಫೋನ್ ಮಾಡಿದರೆ ಮಷೀನು ಮಾತಾಡುತ್ತದೆ, ಒಂದು ಒತ್ತಿ, ಎರಡು ಒತ್ತಿ. ಮನುಷ್ಯರು ಸಿಕ್ಕರೆ ಅದು ನಮ್ಮ ವಿಭಾಗವಲ್ಲ ಅನ್ನುತ್ತಾರೆ. ಹಾಗಾದರೆ ಯಾರ ವಿಭಾಗ?

ಅದೇ ಲೈಬ್ರರಿಯಲ್ಲಿ ಕನ್ನಡ ಪುಸ್ತಕ ತರಿಸಿ ಅಂತ ಎಷ್ಟು ಸಲ ಅರ್ಜಿ ತುಂಬಿ ಕೊಟ್ಟಿದ್ದೇವೆ! ಪಕ್ಕದ ಭಾಷೆಗಳಿಗೆಲ್ಲಾ ಶೆಲ್ಫ್ ಇದೆ, ನಮಗೆ ಮೂಲೆಯಲ್ಲಿ ನಾಲ್ಕು ಹಳೇ ಪುಸ್ತಕ. ಬೇಡಿಕೆ ಇಲ್ಲ ಅನ್ನುತ್ತಾರೆ. ನಾವು ತುಂಬಿ ಕೊಟ್ಟ ಅರ್ಜಿಗಳು ಬೇಡಿಕೆ ಅಲ್ವಾ? ಹೋದ ವರ್ಷ ‘ಗನ್‌ಸ್ಮೋಕ್’ ಮೊದಲ ಕಂತು ಹಾಕಿದಾಗಲೂ ಇದೇ ಹಣೆಬರಹ. ಶುರುವಿನಲ್ಲಿ ಸಿನಿಮಾ ನಟ ಜಾನ್ ವೇನ್ ಬಂದು ಧಾರಾವಾಹಿಯನ್ನು ಪರಿಚಯಿಸುವ ಭಾಗವನ್ನೇ ಬಿಟ್ಟಿದ್ದರು. ಆಗಲೂ ದೂರು ಕೊಟ್ಟಿದ್ದೆ. ನಗುನಗುತ್ತಾ ತೆಗೆದುಕೊಂಡರು, ಅಷ್ಟೇ.

ಆದ್ದರಿಂದ ಸಂಬಂಧಪಟ್ಟವರು ಈ ಕಂತನ್ನು ಪೂರ್ತಿಯಾಗಿ, ಕತ್ತರಿ ಬೀಳದ ಪ್ರತಿ ತಂದು, ಅಕ್ಷರ ಹಾಕಿ ಮತ್ತೆ ತೋರಿಸಬೇಕು. ಹೇ ಬಾಯ್ ಕಂತನ್ನೂ ತೋರಿಸಬೇಕು. ಇಲ್ಲವಾದರೆ ಹಿರಿಯರ ಕಾರ್ಯಕ್ರಮ ಅಂತ ಕರೆಯುವುದನ್ನೇ ನಿಲ್ಲಿಸಲಿ. ಬೆಂಚನ್ನೂ ವಾಪಸ್ ಹಾಕಿಸಲಿ, ಕನ್ನಡ ಪುಸ್ತಕದ ಬಗ್ಗೆ ಏನಾದರೂ ಒಂದು ಹೇಳಲಿ. ನೀವೂ ಅಷ್ಟೇ ಸಂಪಾದಕರೇ, ವರದಿಗಾರರಿಗೆ ಕೊನೆಯವರೆಗೆ ಕೂರಲು ಹೇಳಿ. ವಯಸ್ಸಾದವರು, ಏನು ಕೊಟ್ಟರೂ ನೋಡಿಕೊಂಡು ಹೋಗುತ್ತಾರೆ ಅಂತ ಇವರೆಲ್ಲಾ ತಿಳಿದುಕೊಂಡಿದ್ದರೆ ಅದನ್ನು ಇವತ್ತೇ ಬಿಡಲಿ.

– ನೊಂದ ಓದುಗ, ಬೇ ಏರಿಯಾ, ಕ್ಯಾಲಿಫೋರ್ನಿಯಾ